ಹವಳ ಮೇಯುವ ನಕ್ಷತ್ರಮೀನು: ಗದ್ದೆಯ ಬದುವಿನಿಂದ ನೋಡಿದಾಗ

ಮಲೇಬೆನ್ನೂರಿನ ಹತ್ತಿರ ನಮ್ಮ ಚಿಕ್ಕಪ್ಪನ ಗದ್ದೆಯಿದೆ. ಭದ್ರಾ ನಾಲೆಯ ನೀರು, ವರ್ಷಕ್ಕೆ ಎರಡು ಭತ್ತ. ಕಳೆದ ಮಳೆಗಾಲದ ಬೆಳೆ ತೆನೆ ಕಟ್ಟುವ ಹೊತ್ತಿಗೆ ಗದ್ದೆಯ ನಡುವೆ ಒಂದು ಗುಂಡನೆಯ ಕಲೆ ಕಾಣಿಸಿಕೊಂಡಿತು. ಎತ್ತಿನ ಗಾಡಿಯ ಚಕ್ರದಷ್ಟು ಅಗಲ. ಸುತ್ತಲೂ ಹಸಿರು, ಅಲ್ಲಿ ಮಾತ್ರ ಬೆಂಕಿ ತಗುಲಿದ ಬಣ್ಣ. ಚಿಕ್ಕಪ್ಪ ಬಗ್ಗಿ ಒಂದು ಬುಡವನ್ನು ಎರಡೂ ಕೈಯಿಂದ ಬಿಡಿಸಿ ತೋರಿಸಿದರು. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಎಳ್ಳು ಅಂಟಿಸಿದ ಹಾಗೆ ಕಾಂಡದ ತುಂಬ ಪೈರಿನ ರಸ ಹೀರುವ ಕಂದು ಜಿಗಿಹುಳು. ಕೈ ತಗುಲಿದ್ದೇ ತಡ, ಅಡ್ಡಡ್ಡ ಸರಿದು ಕಾಂಡದ ಹಿಂದೆ ಅಡಗಿದವು. ಕೆಲವು ನೀರಿಗೆ ಹಾರಿದವು.

ಆ ದಿನಗಳಲ್ಲಿ ನಾನು ಹವಳದ ದಿಬ್ಬಗಳನ್ನು ತಿಂದು ಬರಿದು ಮಾಡುವ ಒಂದು ನಕ್ಷತ್ರಮೀನಿನ ಬಗ್ಗೆ ಓದುತ್ತಿದ್ದೆ. ಬದುವಿನ ಮೇಲೆ ಕೂತು ಅದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಸಮುದ್ರವನ್ನು ಅವರು ನೋಡಿರುವುದು ಧರ್ಮಸ್ಥಳ, ಮುರ್ಡೇಶ್ವರದ ಯಾತ್ರೆಗೆ ಹೋದಾಗ ಒಮ್ಮೆ ಮಾತ್ರ. ಪೂರ್ತಿ ಕೇಳಿಸಿಕೊಂಡು ಎರಡು ಪ್ರಶ್ನೆ ಕೇಳಿದರು: "ಅಲ್ಲಿಗೂ ಸರ್ಕಾರಿ ಗೊಬ್ಬರ ಹರಿದು ಹೋಗುತ್ತದೇನಪ್ಪ? ಅದನ್ನು ತಿನ್ನುವ ಪ್ರಾಣಿಯನ್ನು ಯಾರಾದರೂ ಹಿಡಿದು ಖಾಲಿ ಮಾಡಿದ್ದಾರೇನು?"

ನಾನು ಬೆರಗಾದೆ. ಸಮುದ್ರ ವಿಜ್ಞಾನಿಗಳು ಅರ್ಧ ಶತಮಾನದಿಂದ ವಾದ ಮಾಡುತ್ತಿರುವುದು ಈ ಎರಡು ಪ್ರಶ್ನೆಗಳ ಸುತ್ತಲೇ. ಜಿಗಿಹುಳುವಿನ ಜೊತೆ ಹೆಣಗಿದವರಿಗೆ ಈ ವಿಷಯ ಅರ್ಧ ಗೊತ್ತೇ ಇರುತ್ತದೆ ಎಂಬುದು ನನಗೆ ಅಲ್ಲಿ ಹೊಳೆಯಿತು. ಉಳಿದ ಅರ್ಧವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಹವಳದ ಮಾತು. ನಮ್ಮ ಕಡೆ ಹವಳವೆಂದರೆ ಉಂಗುರಕ್ಕೆ ಕೂರಿಸುವ ಕೆಂಪು ಮಣಿ, ತಾಳಿಯ ಸರದಲ್ಲಿ ಪೋಣಿಸುವ ಹವಳ. ಅದು ಬೇರೆ ಜಾತಿ. ದಿಬ್ಬ ಕಟ್ಟುವ ಹವಳ ಬೆಚ್ಚಗಿನ, ತಿಳಿಯಾದ, ಬೆಳಕು ಬೀಳುವ ಆಳವಿಲ್ಲದ ಸಮುದ್ರದಲ್ಲಿ ಬೆಳೆಯುತ್ತದೆ. ನೋಡಲು ಕಲ್ಲು ಅಥವಾ ಪೊದೆಯಂತಿದ್ದರೂ ಅದು ಸಾವಿರಾರು ಪುಟ್ಟ ಪ್ರಾಣಿಗಳು ಒತ್ತಾಗಿ ಬಾಳುವ ವಠಾರ. ಒಂದೊಂದು ಪ್ರಾಣಿಗೂ ಪಾಲಿಪ್ ಎಂದು ಹೆಸರು. ಅದರ ಮೈಯೊಳಗೆ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡಿರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಪಾಲಿಪ್‌ಗೆ ಬಡಿಸುತ್ತದೆ. ಪಾಲಿಪ್ ತನ್ನ ಕೆಳಗೆ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತದೆ. ಜೀವವಿರುವುದು ಹೊರಗಿನ ತೆಳುವಾದ ಪದರದಲ್ಲಿ ಮಾತ್ರ, ಒಳಗಿರುವುದೆಲ್ಲ ಸುಣ್ಣ. ಈ ಮಾತು ನೆನಪಿರಲಿ, ನಕ್ಷತ್ರಮೀನಿಗೆ ಬೇಕಾಗಿರುವುದು ಆ ತೆಳು ಪದರವೇ. ಸಮುದ್ರತಳದ ಶೇಕಡ ಒಂದರಷ್ಟು ಜಾಗವನ್ನೂ ಈ ದಿಬ್ಬಗಳು ಆವರಿಸಿಲ್ಲ. ಆದರೂ ಸಮುದ್ರ ಜೀವಿಗಳಲ್ಲಿ ಸುಮಾರು ಕಾಲು ಭಾಗ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಇವುಗಳ ಆಸರೆ ಪಡೆಯುತ್ತವೆ.

ಚಿತ್ರದುರ್ಗ ಸೀಮೆಯವರಿಗೆ ಇಲ್ಲಿ ಒಂದು ಮಾತು. ಮಾರಿಕಣಿವೆಯ ಸುತ್ತಿನ ಹಳೆಯ ಸುಣ್ಣಕಲ್ಲಿನ ಪದರಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ಅಲೆಅಲೆಯಾದ ಗುರುತುಗಳಿವೆ. 250 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿದ್ದಾಗ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಹಾಕಿ ಕಟ್ಟಿದ ದಿಬ್ಬಗಳವು. ಹವಳ ಇನ್ನೂ ಹುಟ್ಟೇ ಇರದ ಕಾಲ. ಜೀವಿಗಳು ಸುಣ್ಣದ ದಿಬ್ಬ ಕಟ್ಟುವ ಕಸುಬಿನ ಬಹಳ ಹಳೆಯ ಸಾಕ್ಷಿ ನಮ್ಮ ಬಯಲುಸೀಮೆಯ ನೆಲದಲ್ಲೇ ಇದೆ ಎಂದು ನೆನೆದಾಗಲೆಲ್ಲ, ಸಮುದ್ರ ನಮಗೆ ದೂರದ್ದು ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.

ಇನ್ನು ನಕ್ಷತ್ರಮೀನು. ಹೆಸರಿನಲ್ಲಿ ಮೀನಿದ್ದರೂ ಇದು ಮೀನಲ್ಲ. ಶಾಲೆಯ ಗಾಜಿನ ಜಾಡಿಯಲ್ಲಿ ನಾವು ನೋಡಿದ ಐದು ತೋಳಿನದ್ದೂ ಅಲ್ಲ. ಮುಳ್ಳುಕಿರೀಟದ ನಕ್ಷತ್ರಮೀನು ಎಂದು ಕರೆಯಬಹುದಾದ ಇದಕ್ಕೆ ಹದಿನೈದು, ಇಪ್ಪತ್ತು ತೋಳುಗಳು. ಸಾಮಾನ್ಯವಾಗಿ ಒಂದು ಊಟದ ತಟ್ಟೆಯಷ್ಟು ಅಗಲ. ದೊಡ್ಡದಾದರೆ ಮೊರಕ್ಕಿಂತ ದೊಡ್ಡದು. ಮೈತುಂಬ ನಾಲ್ಕೈದು ಸೆಂಟಿಮೀಟರ್ ಉದ್ದದ ವಿಷಮುಳ್ಳು. ಚುಚ್ಚಿದರೆ ಗಂಟೆಗಟ್ಟಲೆ ಉರಿ, ಊತ, ಕೆಲವರಿಗೆ ವಾಂತಿ. ಕೆಂಪು ಸಮುದ್ರದಿಂದ ಹಿಂದೂ ಮಹಾಸಾಗರ ದಾಟಿ ಪೆಸಿಫಿಕ್‌ವರೆಗೆ ಇದರ ಹಾಗೂ ಇದರ ದಾಯಾದಿಗಳ ವಾಸ. ಹೊರಗಿನಿಂದ ಬಂದ ಪಾರ್ಥೇನಿಯಂನಂತಹ ಪಿಡುಗು ಇದಲ್ಲ. ದಿಬ್ಬದಲ್ಲೇ ಹುಟ್ಟಿ ಬೆಳೆದ, ಅಲ್ಲಿನ ಹಳೆಯ ನಿವಾಸಿ.

ಇದು ಊಟ ಮಾಡುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಸಾವಿರಾರು ಸಣ್ಣ ಕೊಳವೆಗಾಲುಗಳ ಮೇಲೆ ಜಾರುತ್ತಾ ಬಂದು ಹವಳದ ಮೇಲೆ ಹತ್ತುತ್ತದೆ. ತೋಳುಗಳನ್ನು ಹವಳದ ಏರುತಗ್ಗಿಗೆ ಸರಿಯಾಗಿ ಬಾಗಿಸಿ, ಗಟ್ಟಿಯಾಗಿ ತಬ್ಬಿಕೊಳ್ಳುತ್ತದೆ. ಆಮೇಲೆ ಹೊಟ್ಟೆಯ ಅಡಿಯಲ್ಲಿರುವ ಬಾಯಿಯಿಂದ ತನ್ನ ಜಠರವನ್ನೇ ಹೊರಗೆ ಹಾಕಿ, ಒದ್ದೆ ಬಟ್ಟೆ ಹಾಸಿದ ಹಾಗೆ ಹವಳದ ಮೇಲೆ ಹರಡುತ್ತದೆ. ಜಠರರಸ ಪಾಲಿಪ್‌ಗಳನ್ನು ಅಲ್ಲೇ ಕರಗಿಸುತ್ತದೆ. ಅಂದರೆ ಅಡುಗೆ, ಊಟ, ಜೀರ್ಣ ಎಲ್ಲವೂ ಹೊರಗೇ. ಕೆಲವು ಗಂಟೆಗಳ ನಂತರ ಜಠರವನ್ನು ಒಳಗೆಳೆದುಕೊಂಡು ಮುಂದೆ ಸರಿದಾಗ, ಅದು ಕೂತಿದ್ದ ಜಾಗದಲ್ಲಿ ಅದರದೇ ಆಕಾರದ ಬಿಳಿ ಕಲೆ ಉಳಿಯುತ್ತದೆ. ಹೊಸದಾಗಿ ಸುಣ್ಣ ಬಳಿದಂತೆ ಬಿಳುಪು. ಕೆಲವೇ ದಿನಗಳಲ್ಲಿ ಅದರ ಮೇಲೆ ಪಾಚಿ ಹತ್ತಿ ಮಾಸಲು ಹಸಿರಾಗುತ್ತದೆ. ಮುಳುಗುಗಾರರು ಆ ಬಣ್ಣ ನೋಡಿಯೇ ಕಳ್ಳ ಹೋಗಿ ಎಷ್ಟು ದಿನವಾಯಿತೆಂದು ಅಂದಾಜು ಮಾಡುತ್ತಾರೆ.

ಬೆಳೆದ ಒಂದು ನಕ್ಷತ್ರಮೀನು ವರ್ಷಕ್ಕೆ ಸುಮಾರು 10 ಚದರ ಮೀಟರ್ ಜೀವಂತ ಹವಳ ತಿನ್ನಬಲ್ಲದು. ಒಂದು ಸಣ್ಣ ಕೋಣೆಯ ನೆಲದಷ್ಟು. ಒಂದೆರಡು ಇದ್ದರೆ ದಿಬ್ಬಕ್ಕೆ ಅದು ಲೆಕ್ಕವೇ ಅಲ್ಲ. ಬದಲಿಗೆ ಉಪಕಾರವೂ ಉಂಟು. ಅದಕ್ಕೆ ಹೆಚ್ಚು ಇಷ್ಟವಾದದ್ದು ಆಕ್ರೊಪೊರ ಎಂಬ, ಜಿಂಕೆಯ ಕೊಂಬಿನಂತೆ ಕವಲೊಡೆದು ಬೇಗ ಬೆಳೆಯುವ ಹವಳ. ಅದನ್ನು ಅಲ್ಲಲ್ಲಿ ಮೇಯುವುದರಿಂದ ನಿಧಾನವಾಗಿ ಬೆಳೆಯುವ ಗುಂಡು ಹವಳಗಳಿಗೆ ಜಾಗ ಸಿಗುತ್ತದೆ. ಜಿಗಿಹುಳುವೂ ಹಾಗೆಯೇ ಅಲ್ಲವೇ? ಬುಡಕ್ಕೆ ಒಂದೆರಡು ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಐದು ಹತ್ತಾದಾಗ ಎದೆ ಹೊಡೆದುಕೊಳ್ಳುತ್ತದೆ.

ಹವಳಕ್ಕೂ ಇಂಥದೇ ಒಂದು ಗಡಿ ಇದೆ. ಆಸ್ಟ್ರೇಲಿಯಾದ ಹವಳ ದಿಬ್ಬಗಳ ಸಮೂಹವಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹೆಕ್ಟೇರಿಗೆ 15, ಅಂದರೆ ಎಕರೆಗೆ ಆರು ನಕ್ಷತ್ರಮೀನು ಕಂಡರೆ ಹಾವಳಿ ಎಂದು ಘೋಷಿಸುತ್ತಾರೆ. ಕಣ್ಣಿಗೆ ಬಿದ್ದದ್ದು ಇಷ್ಟಾದರೆ ಸಂದುಗಳಲ್ಲಿ ಅಡಗಿರುವುದು ಇನ್ನೂ ಹೆಚ್ಚು. ಆ ಹಂತದಲ್ಲಿ ಹವಳ ಬೆಳೆಯುವುದಕ್ಕಿಂತ ಬೇಗ ಖಾಲಿಯಾಗುತ್ತದೆ. ಎಣಿಸುವ ಕ್ರಮವೂ ಸ್ವಾರಸ್ಯವಾಗಿದೆ. ದೋಣಿಯ ಹಿಂದೆ ಹಗ್ಗ ಕಟ್ಟಿ, ಹಗ್ಗದ ತುದಿಯ ಹಲಗೆಯನ್ನು ಹಿಡಿದು ಒಬ್ಬರು ನೀರಿನಲ್ಲಿ ತೇಲುತ್ತಾ ಸಾಗುತ್ತಾರೆ. ಎರಡೆರಡು ನಿಮಿಷಕ್ಕೊಮ್ಮೆ ದೋಣಿ ನಿಲ್ಲುತ್ತದೆ. ಕಂಡ ನಕ್ಷತ್ರಮೀನೆಷ್ಟು, ಬಿಳಿ ಕಲೆಯೆಷ್ಟು, ಜೀವಂತ ಹವಳವೆಷ್ಟು ಎಂದು ಬರೆದುಕೊಂಡು ಮತ್ತೆ ಸಾಗುತ್ತಾರೆ. ಹೀಗೆ ದಿಬ್ಬದ ಸುತ್ತ ಕಿಲೋಮೀಟರ್‌ಗಟ್ಟಲೆ. ಚಿಕ್ಕಪ್ಪ ಬದುವಿನ ಮೇಲೆ ನಡೆದು ಹತ್ತು ಹೆಜ್ಜೆಗೊಂದು ಬುಡ ಬಿಡಿಸಿ ನೋಡುವುದಕ್ಕೂ ಇದಕ್ಕೂ ನೀರು ನೆಲದ ವ್ಯತ್ಯಾಸವಷ್ಟೆ.

ಹಾವಳಿ ಉಲ್ಬಣಿಸಿದಾಗ ಹೆಕ್ಟೇರಿಗೆ ಸಾವಿರದಷ್ಟು ಸೇರುವುದೂ ಉಂಟು. ಒಂದಕ್ಕೆ 10 ಚದರ ಮೀಟರ್ ಎಂದರೆ ಸಾವಿರಕ್ಕೆ 10,000. ಒಂದು ಹೆಕ್ಟೇರ್ ಎಂದರೂ ಅಷ್ಟೇ. ಲೆಕ್ಕ ಅಲ್ಲಿಗೆ ಮುಗಿಯಿತು. 1960ರ ದಶಕದ ಕೊನೆಯಲ್ಲಿ ಪೆಸಿಫಿಕ್‌ನ ಗುವಾಮ್ ದ್ವೀಪದಲ್ಲಿ ಎರಡೂವರೆ ವರ್ಷದೊಳಗೆ 38 ಕಿಲೋಮೀಟರ್ ಕರಾವಳಿಯ ಹವಳದಲ್ಲಿ ಶೇಕಡ 90ರಷ್ಟು ನಾಶವಾಯಿತು. ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪದ ಹೊರ ಇಳಿಜಾರಿನಲ್ಲಿ ಶೇಕಡ 40ರಷ್ಟಿದ್ದ ಜೀವಂತ ಹವಳ 2006ರಿಂದ 2010ರ ನಡುವಿನ ಹಾವಳಿ ಮತ್ತು ಕೊನೆಗೆ ಬಂದ ಒಂದು ಚಂಡಮಾರುತ ಸೇರಿ ಶೇಕಡ 5ಕ್ಕಿಂತ ಕೆಳಗಿಳಿಯಿತು. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1962ರಿಂದ ಈಚೆಗೆ ನಾಲ್ಕು ದೊಡ್ಡ ಅಲೆಗಳು ದಾಖಲಾಗಿವೆ. ನಾಲ್ಕನೆಯದು 2010ರ ಸುಮಾರಿಗೆ ಶುರುವಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು 27 ವರ್ಷಗಳ ಎಣಿಕೆಯನ್ನು ಒಟ್ಟು ಮಾಡಿತು. ಅಲ್ಲಿನ ಹವಳದ ಹೊದಿಕೆ ಶೇಕಡ 28ರಿಂದ ಸುಮಾರು 14ಕ್ಕೆ ಇಳಿದಿತ್ತು. ನಷ್ಟದಲ್ಲಿ ಚಂಡಮಾರುತಗಳ ಪಾಲು ಶೇಕಡ 48, ನಕ್ಷತ್ರಮೀನಿನ ಪಾಲು 42, ಬಿಸಿಯಿಂದ ಹವಳ ಬಿಳಿಚಿಕೊಂಡದ್ದರ ಪಾಲು 10. ಇಂದು ಹೊಸದಾಗಿ ಲೆಕ್ಕ ಹಾಕಿದರೆ ಬಿಸಿಯ ಪಾಲು ಖಂಡಿತ ಏರುತ್ತದೆ, ಏಕೆಂದರೆ 2016ರ ನಂತರ ಅಲ್ಲಿ ಮತ್ತೆ ಮತ್ತೆ ಸಮುದ್ರ ಕಾದಿದೆ.

ಹವಳ ಸತ್ತ ಮೇಲೆ ಏನಾಗುತ್ತದೆ? ಗೂಡು ತಕ್ಷಣ ಬೀಳುವುದಿಲ್ಲ. ಪಾಚಿ ಹತ್ತುತ್ತದೆ, ಕೊರೆಯುವ ಹುಳುಗಳು, ಸ್ಪಂಜುಗಳು ಒಳಹೊಕ್ಕು ಸಡಿಲಗೊಳಿಸುತ್ತವೆ, ಮುಂದಿನ ದೊಡ್ಡ ಅಲೆಗೆ ಪುಡಿಯಾಗುತ್ತದೆ. ಹವಳವನ್ನೇ ತಿಂದು ಬದುಕುವ ಚಿಟ್ಟೆಮೀನುಗಳು ಮೊದಲು ಕಡಿಮೆಯಾಗುತ್ತವೆ. ಕವಲುಗಳ ನಡುವೆ ಅಡಗುವ ಸಣ್ಣ ಮೀನುಗಳಿಗೆ ಮನೆಯಿಲ್ಲವಾಗುತ್ತದೆ. ಬಿಟ್ಟರೆ ಹತ್ತು ಹದಿನೈದು ವರ್ಷಗಳಲ್ಲಿ ಆಕ್ರೊಪೊರ ಮತ್ತೆ ಚಿಗುರಬಹುದು, ಗುಂಡು ಹವಳಗಳಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಬಿಡುವುದಿಲ್ಲ ಎಂಬುದೇ ಕಷ್ಟ. ಬೇಗ ಚಿಗುರುವ ಹವಳವೇ ನಕ್ಷತ್ರಮೀನಿನ ನೆಚ್ಚಿನ ಊಟ, ಬಿಸಿ ತಾಳದ ಹವಳವೂ ಅದೇ.

ಈಗ ಚಿಕ್ಕಪ್ಪನ ಮೊದಲ ಪ್ರಶ್ನೆ, ಗೊಬ್ಬರ.

ಒಂದು ಹೆಣ್ಣು ನಕ್ಷತ್ರಮೀನು ಒಂದು ಬೇಸಿಗೆಯಲ್ಲಿ ಕೋಟಿಗಟ್ಟಲೆ ಮೊಟ್ಟೆಯನ್ನು ನೀರಿಗೆ ಬಿಡುತ್ತದೆ. ದೊಡ್ಡ ಹೆಣ್ಣಾದರೆ ಹತ್ತು ಕೋಟಿಗೂ ಹೆಚ್ಚು. ಗಂಡುಗಳೂ ಅದೇ ಹೊತ್ತಿಗೆ ಬೀಜ ಬಿಡುತ್ತವೆ. ಹುಟ್ಟಿದ ಮರಿಗಳು ಗಾಜಿನಂತೆ ಪಾರದರ್ಶಕ, ಕಣ್ಣಿಗೆ ಕಾಣದಷ್ಟು ಸಣ್ಣವು. ಎರಡು ಮೂರು ವಾರ ತೇಲುತ್ತಾ ನೀರಿನಲ್ಲಿರುವ ಸೂಕ್ಷ್ಮ ಪಾಚಿಯನ್ನು ತಿನ್ನುತ್ತವೆ. ಹವಳದ ಸಮುದ್ರದ ನೀರು ತಿಳಿಯಾಗಿರುವುದಕ್ಕೆ ಕಾರಣ ಅದರಲ್ಲಿ ಪಾಚಿ ಬಹಳ ಕಡಿಮೆ ಇರುವುದು. ಹಾಗಾಗಿ ಕೋಟಿಗಳಲ್ಲಿ ಬಹುಪಾಲು ಹಸಿವಿನಿಂದ ಸಾಯುತ್ತವೆ. ಅದು ದಿಬ್ಬದ ಮೊದಲ ಬೇಲಿ.

ನದಿಗಳು ಹೊಲದ ಸಾರಜನಕವನ್ನು ಹೊತ್ತು ತಂದಾಗ ಈ ಬೇಲಿ ಮುರಿಯುತ್ತದೆ. ಕಬ್ಬಿನ ತೋಟಗಳಿಂದ, ಹುಲ್ಲುಗಾವಲುಗಳಿಂದ ಕೊಚ್ಚಿ ಬಂದ ನೀರು ಸಮುದ್ರ ಸೇರಿ ಪಾಚಿ ಹೆಚ್ಚಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಕೆರೆಗಳ ನೀರು ಹಸಿರುಗಟ್ಟುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರಿನಲ್ಲಿ ಪಾಚಿಯ ಹಸಿರು ಎರಡು ಪಟ್ಟಾದಂತೆಲ್ಲ ಮರಿ ಬದುಕುಳಿಯುವ ಸಂಭವ ಸುಮಾರು ಎಂಟು ಪಟ್ಟು ಏರುತ್ತದೆ ಎಂದು ಆಸ್ಟ್ರೇಲಿಯಾದಲ್ಲಿ ಮಾಡಿದ ಪ್ರಯೋಗ ತೋರಿಸಿತು. ಎರಡಕ್ಕೆ ಎಂಟು. ನನ್ನ ಮಟ್ಟಿಗೆ ಇಡೀ ವಿಷಯದ ಬೀಗದ ಕೈ ಈ ಲೆಕ್ಕದಲ್ಲಿದೆ. ತಾಯಿ ಕೋಟಿ ಮೊಟ್ಟೆ ಇಡುವ ಪ್ರಾಣಿಯಲ್ಲಿ ಬದುಕುಳಿಯುವ ಪ್ರಮಾಣ ಕೂದಲೆಳೆಯಷ್ಟು ಬದಲಾದರೂ ಕೆಲವು ವರ್ಷಗಳಲ್ಲಿ ದಂಡು ತಯಾರಾಗುತ್ತದೆ.

ಚಾರ್ಲ್ಸ್ ಬರ್ಕ್‌ಲೆಂಡ್ ಎಂಬ ವಿಜ್ಞಾನಿ 1982ರಲ್ಲೇ ಇದರ ಎಳೆ ಹಿಡಿದಿದ್ದರು. ಪೆಸಿಫಿಕ್‌ನಲ್ಲಿ ಎತ್ತರದ ಬೆಟ್ಟಗಳಿರುವ ದ್ವೀಪಗಳ ಸುತ್ತ, ಬರದ ನಂತರ ಜೋರು ಮಳೆ ಸುರಿದು ಮೂರು ವರ್ಷಕ್ಕೆ ಹಾವಳಿ ಕಾಣಿಸಿಕೊಳ್ಳುತ್ತಿತ್ತು. ಬೆಟ್ಟವಿಲ್ಲದ, ಕೊಚ್ಚಿ ಹೋಗಲು ಮಣ್ಣೇ ಇಲ್ಲದ ತಗ್ಗು ದ್ವೀಪಗಳಲ್ಲಿ ಅಪರೂಪ. ನಕ್ಷತ್ರಮೀನು ಕಣ್ಣಿಗೆ ಬೀಳುವಷ್ಟು ಬೆಳೆಯಲು ಎರಡು ಮೂರು ವರ್ಷ ಬೇಕೆಂಬುದನ್ನು ಇದಕ್ಕೆ ಸೇರಿಸಿ ನೋಡಿ. ಚಳ್ಳಕೆರೆ, ಮೊಳಕಾಲ್ಮುರು ಕಡೆಯವರು ಬರದ ಬೆನ್ನಿಗೆ ಬಂದ ಮೊದಲ ದೊಡ್ಡ ಮಳೆಯ ಹಳ್ಳವನ್ನು ನೋಡಿರುತ್ತಾರೆ. ಅದು ಬರೀ ನೀರಲ್ಲ, ವರ್ಷಗಟ್ಟಲೆ ಹೊಲದ ಮೇಲೆ ಕೂತಿದ್ದ ಸಾರವೆಲ್ಲ ಕೆಂಪಾಗಿ ಹರಿದು ಹೋಗುವುದು.

ಅದಕ್ಕೇ ಗ್ರೇಟ್ ಬ್ಯಾರಿಯರ್ ರೀಫ್‌ಗೆ ನೀರು ಹರಿಸುವ ನದಿಗಳಲ್ಲಿ ಕರಗಿದ ಸಾರಜನಕವನ್ನು 2025ರೊಳಗೆ ಶೇಕಡ 60ರಷ್ಟು ಇಳಿಸಬೇಕೆಂದು ಆಸ್ಟ್ರೇಲಿಯಾ ಗುರಿ ಇಟ್ಟುಕೊಂಡಿತು. ಕಬ್ಬಿನ ರೈತರಿಗೆ ಗೊಬ್ಬರದ ಲೆಕ್ಕ ಕೇಳಿದ್ದು ಒಂದು ಸಮುದ್ರ ಪ್ರಾಣಿಯ ದೆಸೆಯಿಂದಲೂ ಹೌದು.

ಆದರೆ ಯಾವ ನದಿಯೂ ಹೊಲವೂ ಹತ್ತಿರವಿಲ್ಲದ ದೂರದ ದಿಬ್ಬಗಳಲ್ಲೂ ಹಾವಳಿ ಆಗಿದೆ. ಹಾಗಾಗಿ ಗೊಬ್ಬರವೊಂದರ ತಲೆಗೇ ಎಲ್ಲವನ್ನೂ ಕಟ್ಟಲು ಬರುವುದಿಲ್ಲ.

ಎರಡನೆಯ ಪ್ರಶ್ನೆ ಇಲ್ಲಿ ಬರುತ್ತದೆ. ತಿನ್ನುವವರೆಲ್ಲಿ?

ಇಷ್ಟು ವಿಷದ, ಇಷ್ಟು ಮುಳ್ಳಿನ ಪ್ರಾಣಿಗೂ ವೈರಿಗಳಿವೆ. ದೊಡ್ಡ ವೈರಿ ಟ್ರೈಟನ್ ಶಂಖ. ನಮ್ಮ ದೇವರ ಕೋಣೆಯ ಶಂಖ, ದಾಸಯ್ಯ ಜಾಗಟೆ ಬಡಿಯುತ್ತಾ ಊದುವ ಶಂಖ ಬೇರೆ ಜಾತಿಯ ಹುಳುವಿನದು. ಟ್ರೈಟನ್ ಅದಕ್ಕಿಂತ ಉದ್ದ, ಅರ್ಧ ಮೀಟರಿನವರೆಗೂ ಬೆಳೆಯುವ, ಕಂದು ಮತ್ತು ಕೆನೆ ಬಣ್ಣದ ಗರಿಗಳು ಬಿಡಿಸಿದಂತಹ ಸುಂದರ ಚಿಪ್ಪು. ಜಪಾನಿನಲ್ಲಿ, ಪೆಸಿಫಿಕ್ ದ್ವೀಪಗಳಲ್ಲಿ ಅದನ್ನೂ ಕಹಳೆಯಂತೆ ಊದುತ್ತಾರೆ. ಜೀವಂತವಿದ್ದಾಗ ಅದು ನಕ್ಷತ್ರಮೀನನ್ನು ಅಟ್ಟಿಸಿಕೊಂಡು ಹೋಗಿ, ಗರಗಸದಂತಹ ನಾಲಿಗೆಯಿಂದ ಚರ್ಮ ಸೀಳಿ ತಿನ್ನುತ್ತದೆ. ಚಿಪ್ಪಿನ ಚೆಲುವೇ ಅದಕ್ಕೆ ಮುಳುವಾಯಿತು. ಅಲಂಕಾರಕ್ಕೆಂದು ದಶಕಗಳ ಕಾಲ ದಿಬ್ಬಗಳಿಂದ ಆಯ್ದು ಮಾರಿದರು. ಆಸ್ಟ್ರೇಲಿಯಾದ ರಾಬರ್ಟ್ ಎಂಡಿಯನ್ 1960ರ ದಶಕದಲ್ಲೇ ಹಾವಳಿಗೆ ಇದು ಕಾರಣವಿರಬೇಕೆಂದು ವಾದಿಸಿದರು. ನಮ್ಮ ದೇಶದಲ್ಲೂ ಟ್ರೈಟನ್ ಶಂಖ ಮತ್ತು ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಪ್ರವಾಸಕ್ಕೆ ಹೋದಾಗ ಯಾರಾದರೂ ಹವಳದ ಕೊಂಬೆ ಮಾರಲು ಬಂದರೆ ಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಟ್ರೈಟನ್ ಒಂದೇ ಅಲ್ಲ. ನೆಪೋಲಿಯನ್ ಎಂದು ಕರೆಯುವ ದೊಡ್ಡ ಮೀನು, ಟ್ರಿಗರ್ ಮೀನು, ಮೈ ಉಬ್ಬಿಸುವ ಪಫರ್ ಮೀನು ಕೂಡ ತಿನ್ನುತ್ತವೆ. ಮೀನುಗಳ ಹೊಟ್ಟೆಯಲ್ಲಿ ಈ ನಕ್ಷತ್ರಮೀನಿನ ಡಿಎನ್‌ಎ ಹುಡುಕಿದಾಗ, ಯಾರೂ ಅನುಮಾನ ಪಡದಿದ್ದ ಜಾತಿಗಳಲ್ಲೂ ಸಿಕ್ಕಿತು. ಮೀನುಗಾರಿಕೆ ನಿಷೇಧಿಸಿದ ದಿಬ್ಬಗಳಲ್ಲಿ ಹಾವಳಿ ಕಡಿಮೆ ಎಂಬುದೂ ಎಣಿಕೆಯಿಂದ ಕಂಡಿದೆ. ಇವರ ಸಾಲಿನಲ್ಲಿ ನನಗೆ ಬಹಳ ಪ್ರೀತಿ ಹುಟ್ಟಿಸಿದ್ದು ಒಂದು ಏಡಿ. ಹೆಬ್ಬೆರಳ ಉಗುರಿನಷ್ಟು ಗಾತ್ರ, ಕವಲು ಹವಳದ ನಡುವೆ ಜೋಡಿಯಾಗಿ ವಾಸ. ನಕ್ಷತ್ರಮೀನು ತನ್ನ ಹವಳವನ್ನು ಹತ್ತಲು ಬಂದರೆ ಎದುರು ನಿಂತು ಅದರ ಮುಳ್ಳನ್ನು, ಕೊಳವೆಗಾಲುಗಳನ್ನು ಚಿವುಟಿ ಓಡಿಸುತ್ತದೆ. ತನಗಿಂತ ನೂರಾರು ಪಟ್ಟು ದೊಡ್ಡದನ್ನು!

ಚಿಕ್ಕಪ್ಪನಿಗೆ ಈ ಏಡಿಯ ಕತೆ ಹೇಳಿದಾಗ ಅವರು ಬುಡಗಳ ನಡುವಿನ ಜೇಡವನ್ನು ತೋರಿಸಿದರು. ಜಿಗಿಹುಳುವಿಗೆ ಗದ್ದೆಯಲ್ಲಿ ಜೇಡ, ಮಿರಿಡ್ ತಿಗಣೆಗಳೇ ಕಾವಲು. ಹೆದರಿಕೊಂಡು ಮೊದಲೇ ಎಣ್ಣೆ ಹೊಡೆದರೆ ಸಾಯುವುದು ಅವೇ ಮೊದಲು, ಹುಳು ಎರಡು ವಾರದಲ್ಲಿ ದುಪ್ಪಟ್ಟಾಗಿ ಬರುತ್ತದೆ. ಇಂಡೊನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿದ್ದು ಈ ಅನುಭವದಿಂದಲೇ. ಯೂರಿಯಾ ಹೆಚ್ಚಾಗಿ ಮೆದುವಾದ ಪೈರು ಒಂದು ಕಡೆ, ಕಾವಲು ಸತ್ತದ್ದು ಇನ್ನೊಂದು ಕಡೆ. ಎರಡೂ ಸೇರಿದಾಗ ಗದ್ದೆ ಸುಡುತ್ತದೆ. ಹವಳದ ದಿಬ್ಬದ ಕತೆಯೂ ಹೀಗೇ ಎಂಬುದು ನನ್ನ ನಂಬಿಕೆ. ವಿಜ್ಞಾನಿಗಳಲ್ಲಿ ಎರಡು ಪಕ್ಷಗಳು ಬಹುಕಾಲ ಎದುರುಬದುರು ನಿಂತಿದ್ದವು. ಆದರೆ ಮರಿ ಹೆಚ್ಚು ಬದುಕುವುದಕ್ಕೂ ಬೆಳೆದದ್ದನ್ನು ತಿನ್ನುವವರು ಇಲ್ಲದಿರುವುದಕ್ಕೂ ವಿರೋಧವೇನಿದೆ?

ಇದಕ್ಕೆ 2020ರಲ್ಲಿ ಸಿಡ್ನಿಯ ಸಂಶೋಧಕರು ಇನ್ನೊಂದು ಎಳೆ ಸೇರಿಸಿದರು. ತೇಲುವ ಮರಿ ತಳಕ್ಕಿಳಿದ ಮೇಲೆ ಸಣ್ಣ ನಕ್ಷತ್ರವಾಗುತ್ತದೆ. ಆಗ ಅದು ಹವಳ ತಿನ್ನುವುದಿಲ್ಲ, ಕಲ್ಲಿಗೆ ಅಂಟಿದ ಗುಲಾಬಿ ಬಣ್ಣದ ಸುಣ್ಣಪಾಚಿಯನ್ನು ಕೆರೆದು ತಿನ್ನುತ್ತದೆ. ಕೆಲವು ತಿಂಗಳಲ್ಲಿ ಹವಳಕ್ಕೆ ಬದಲಾಗುವುದು ವಾಡಿಕೆ. ಹವಳ ಸಿಗದಿದ್ದರೆ? ಆರು ವರ್ಷಕ್ಕೂ ಹೆಚ್ಚು ಕಾಲ ಪಾಚಿಯಲ್ಲೇ, ಸಣ್ಣದಾಗಿಯೇ, ಕಲ್ಲಿನ ಸಂದಿಯಲ್ಲಿ ಕಾಯಬಲ್ಲದು. ಅಂದರೆ ಹಾವಳಿ ಮುಗಿದು ಹವಳ ಮತ್ತೆ ಚಿಗುರುವ ಹೊತ್ತಿಗೆ ಕೆಳಗೆ ಮುಂದಿನ ದಂಡು ಕಾಯುತ್ತಿರಬಹುದು. ಹೊಲದ ಕಳೆಬೀಜ ಮಣ್ಣಿನಲ್ಲಿ ಹದ ಮಳೆಗೆ ಕಾಯುವ ಹಾಗೆ.

ಹಾಗಾದರೆ ಮಾಡುವುದೇನು? ಮೊದಮೊದಲು ಕೈಯಿಂದ ಹೆಕ್ಕಿ ದಡಕ್ಕೆ ತಂದು ಹೂಳಿದರು. ನೀರಿನಲ್ಲೇ ತುಂಡರಿಸುವುದು ಕೆಲಸಕ್ಕೆ ಬಾರದು, ತುಂಡು ಮತ್ತೆ ಬೆಳೆಯಬಲ್ಲದು. ಜಪಾನಿನ ರ‍್ಯೂಕ್ಯೂ ದ್ವೀಪಗಳಲ್ಲಿ 1970ರಿಂದ 1983ರವರೆಗೆ 1 ಕೋಟಿ 30 ಲಕ್ಷ ನಕ್ಷತ್ರಮೀನುಗಳನ್ನು ತೆಗೆದರೂ ಬಹುಪಾಲು ದಿಬ್ಬ ಉಳಿಯಲಿಲ್ಲ. ಎಲ್ಲೆಡೆ ಸ್ವಲ್ಪ ಸ್ವಲ್ಪ ತೆಗೆಯುವುದಕ್ಕಿಂತ, ಮುಖ್ಯವಾದ ಕೆಲವು ದಿಬ್ಬಗಳನ್ನು ಆರಿಸಿಕೊಂಡು ಗಡಿಗಿಂತ ಕೆಳಗೆ ಬರುವವರೆಗೆ ಮತ್ತೆ ಮತ್ತೆ ಹೋಗಬೇಕು ಎಂಬ ಪಾಠ ಹೀಗೆ ಬಂತು. ಚುಚ್ಚುಮದ್ದೂ ಬಂತು. ಚನ್ನಗಿರಿಯ ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವನ್ನೇ ಮೊದಲು ನಕ್ಷತ್ರಮೀನಿಗೆ ಚುಚ್ಚಿ ನೋಡಿದ್ದರು. ಅದರಲ್ಲಿರುವ ತಾಮ್ರ ಸಮುದ್ರಕ್ಕೆ ಒಳ್ಳೆಯದಲ್ಲವೆಂದು ಬಿಟ್ಟರು. ನಂತರದ ರಾಸಾಯನಿಕವನ್ನು ಒಂದೊಂದಕ್ಕೂ ಹತ್ತಾರು ಕಡೆ ಚುಚ್ಚಬೇಕಿತ್ತು. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದವರು ದನದ ಪಿತ್ತರಸದ ಒಂದೇ ಚುಚ್ಚು ಸಾಕೆಂದು ಕಂಡುಕೊಂಡಾಗ ಕೆಲಸ ಹಗುರವಾಯಿತು. 2015ರಲ್ಲಿ ಅಡುಗೆಮನೆಯ ವಿನೆಗರ್ ಕೂಡ ಎರಡು ದಿನದಲ್ಲಿ ಕೊಲ್ಲುತ್ತದೆ ಎಂದು ತಿಳಿಯಿತು. ಪೆಸಿಫಿಕ್ ದ್ವೀಪದೇಶ ವನುವಾಟುವಿನಲ್ಲಿ ನಿಂಬೆರಸವೂ ಕೆಲಸ ಮಾಡಿತು. ಬಡ ದ್ವೀಪಗಳಿಗೆ ಇದು ದೊಡ್ಡ ವರ. ಆದರೂ ಒಂದೊಂದನ್ನೂ ಒಬ್ಬ ಮನುಷ್ಯ ನೀರಿಗೆ ಮುಳುಗಿ, ಹುಡುಕಿ, ಚುಚ್ಚಬೇಕು. ಗ್ರೇಟ್ ಬ್ಯಾರಿಯರ್ ರೀಫ್ ಸುಮಾರು ಮೂರು ಸಾವಿರ ದಿಬ್ಬಗಳ ಸಮೂಹ.

ನಮಗೆ ಹತ್ತಿರದ ದೊಡ್ಡ ಹವಳ ಸಮೂಹ ಲಕ್ಷದ್ವೀಪ. 1956ಕ್ಕೆ ಮೊದಲು ಅದರ ಅಮೀನದಿವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲೂ, ಅಂಡಮಾನಿನಲ್ಲೂ ಈ ನಕ್ಷತ್ರಮೀನು ಇದೆ. ಆದರೆ ಅಲ್ಲಿನ ಹವಳವನ್ನು ಹೆಚ್ಚು ಕೊಂದಿರುವುದು ಕಾದ ಸಮುದ್ರ: 1998, 2010, 2016, ಮತ್ತೆ 2024. ನೀರಿನಿಂದ ಒಂದೆರಡು ಮೀಟರ್ ಮಾತ್ರ ಮೇಲಿರುವ ಆ ದ್ವೀಪಗಳಿಗೆ ಹವಳದ ದಿಬ್ಬವೇ ತಡೆಗೋಡೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಗದ್ದೆಯ ಯೂರಿಯಾ ಲಕ್ಷದ್ವೀಪಕ್ಕೆ ಹೋಗುವುದಿಲ್ಲ. ಭದ್ರೆ, ತುಂಗೆ, ವೇದಾವತಿ ಎಲ್ಲವೂ ಪೂರ್ವಕ್ಕೆ ಹರಿದು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರುತ್ತವೆ.

ಚಿಕ್ಕಪ್ಪ ಆ ಸಲ ಗದ್ದೆಯ ನೀರು ಬಸಿದು, ಕಲೆಯ ಸುತ್ತ ಮಾತ್ರ ಔಷಧಿ ಹೊಡೆದರು. ಮನೆಗೆ ಹೊರಟಾಗ ಇನ್ನೊಂದು ಪ್ರಶ್ನೆ ಬಂತು: "ಆ ಶಂಖದ ಹುಳುವನ್ನು ಸಾಕಿ ಬಿಡಲು ಆಗುವುದಿಲ್ಲವೇ?" ಟೌನ್ಸ್‌ವಿಲ್‌ನ ಆಸ್ಟ್ರೇಲಿಯನ್ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಅದನ್ನೇ ಪ್ರಯತ್ನಿಸುತ್ತಿದ್ದಾರೆ ಎಂದೆ. ತೊಟ್ಟಿಯಲ್ಲಿ ಟ್ರೈಟನ್ ಮೊಟ್ಟೆ ಇಟ್ಟಿದೆ, ಮರಿ ಒಡೆದಿವೆ, ಆದರೆ ಅವನ್ನು ಶಂಖವಾಗುವವರೆಗೆ ಬೆಳೆಸುವುದು ಬಹಳ ಕಷ್ಟವಾಗಿದೆ. ಇನ್ನೊಂದು ದಾರಿಯನ್ನೂ ಹುಡುಕುತ್ತಿದ್ದಾರೆ. ಟ್ರೈಟನ್ ಇದ್ದ ನೀರಿನ ವಾಸನೆ ತಗುಲಿದರೆ ಸಾಕು, ನಕ್ಷತ್ರಮೀನು ತಿನ್ನುವುದನ್ನು ಬಿಟ್ಟು ಓಡುತ್ತದೆ. ಆ ವಾಸನೆಯಲ್ಲಿ ಏನಿದೆ ಎಂದು ತಿಳಿದರೆ ಶಂಖವಿಲ್ಲದೆಯೂ ಹೆದರಿಸಬಹುದು. ಚಿಕ್ಕಪ್ಪ ನಾಲೆಯ ನೀರಿನಲ್ಲಿ ಕಾಲು ತೊಳೆಯುತ್ತಾ ಕೇಳಿಸಿಕೊಂಡರು. "ಹೆದರಿಕೆ ಎಷ್ಟು ದಿನ ನಿಲ್ಲುತ್ತದೆ? ಹುಳುವೇ ಇರಬೇಕು," ಎಂದರು.